ಎನ್‌ಐಸಿಯುನಿಂದ (ನವಜಾತ ಶಿಶುಗಳ ತೀವ್ರ ನಿಗಾ ಘಟಕದಿಂದ) ಬಂದ ಮಗುವಿಗೆ ಹೊಟ್ಟೆ ಉಬ್ಬರ, ಯಾವ ಗ್ರೈಪ್ ವಾಟರ್ ಒಳ್ಳೆಯದು?

ಯಾವುದೂ ಬೇಡ. 31 ವಾರಕ್ಕೆ ಹುಟ್ಟಿದ ಮಗು, ಕರುಳಿನ ಸೋಂಕು ವಾಸಿಯಾಗಿ ಮನೆಗೆ ಬಂದು ಒಂದು ತಿಂಗಳಾಗಿದೆ, ಈಗ ಎರಡು ದಿನದಿಂದ ಹೊಟ್ಟೆ ಉಬ್ಬಿದೆ ಅಂತ ಬರೆದಿದ್ದೀರಿ. ನಾಲ್ಕು ವರ್ಷದ ಹಿಂದೆ ಇದೇ ಪ್ರಶ್ನೆಯನ್ನು ನಾನು ನಮ್ಮೂರಿನ ಮೆಡಿಕಲ್ ಶಾಪಿನಲ್ಲಿ ಕೇಳಿದ್ದೆ. ಅವರು ಒಂದು ಬಾಟಲಿ ಕೊಟ್ಟರು. ನಾನದನ್ನು ಮನೆಗೆ ತಂದಿದ್ದೆ.

ನನ್ನ ಮಗಳು 30 ವಾರಕ್ಕೇ ಹುಟ್ಟಿದಳು. ತೂಕ 1,180 ಗ್ರಾಂ. ಹದಿನೈದು ದಿನ ಎಲ್ಲ ಸರಿಯಿತ್ತು, ಪೈಪಿನಲ್ಲಿ ಕೊಟ್ಟ ಹಾಲು ಅರಗುತ್ತಿತ್ತು. ಹದಿನಾರನೇ ದಿನ ಆ ಪೈಪಿನಲ್ಲಿ ಹಸಿರು ನೀರು ವಾಪಸ್ ಬಂತು. ಡೈಪರಿನಲ್ಲಿ ರಕ್ತ. ಹೊಟ್ಟೆ ಬಿಗಿದು ಮಿರಮಿರ ಅನ್ನುತ್ತಿತ್ತು. ಎಕ್ಸ್‌ರೇ ತೋರಿಸಿ, ಕರುಳಿನ ಗೋಡೆಯೊಳಗೇ ಗಾಳಿ ಸೇರಿಕೊಂಡಿದೆ ಅಂದರು. ನೀವು ಕರುಳಿನ ಸೋಂಕು ಅಂತ ಬರೆದಿರೋ ಕಾಯಿಲೆಯೇ ಇದು, ಕರುಳಿನ ಗೋಡೆ ಊದಿ ಕೊಳೆಯೋದು: ನೆಕ್ರೋಟೈಸಿಂಗ್ ಎಂಟರೊಕೊಲೈಟಿಸ್, ಚಿಕ್ಕದಾಗಿ ಎನ್‌ಇಸಿ. ಹತ್ತು ದಿನ ಹಾಲು ಪೂರ್ತಿ ನಿಲ್ಲಿಸಿದರು. ಆ್ಯಂಟಿಬಯೋಟಿಕ್ ಕೊಟ್ಟರು, ಪೋಷಣೆಯೆಲ್ಲ ರಕ್ತನಾಳದ ಮೂಲಕವೇ. ಆಪರೇಷನ್ ಇಲ್ಲದೆ ಉಳಿದಳು. 54ನೇ ದಿನ ಮನೆಗೆ ಕರೆತಂದೆವು.

ನಾವು ಗೆದ್ದೆವು ಅಂದುಕೊಂಡೆ. ತಪ್ಪು ಶುರುವಾಗಿದ್ದೇ ಅಲ್ಲಿ.

ಮನೆಗೆ ಬಂದ ಮೂರನೇ ವಾರ ಸಂಜೆ ಹೊತ್ತು ಹೊಟ್ಟೆ ಉಬ್ಬತೊಡಗಿತು. ಅತ್ತೆ ಇಂಗು ಬಿಸಿ ಮಾಡಿ ಹೊಕ್ಕುಳ ಸುತ್ತ ಹಚ್ಚಿದರು. ನಾಲ್ಕು ಮಕ್ಕಳನ್ನು ಸಾಕಿದವರು, ಅವರಿಗೆ ಗೊತ್ತಿದ್ದನ್ನು ಪ್ರೀತಿಯಿಂದಲೇ ಮಾಡಿದರು. ಮಾರನೇ ದಿನ ಗ್ರೈಪ್ ವಾಟರ್. ಮೂರನೇ ದಿನ ಕಕ್ಕ ಆಗಲಿಲ್ಲ ಅಂತ ವೀಳ್ಯದೆಲೆ ತೊಟ್ಟಿಗೆ ಹರಳೆಣ್ಣೆ ಹಚ್ಚಿ ಇಟ್ಟರು. ಚೂರು ಕಕ್ಕ ಬಂತು, ಗಾಳಿ ಹೋಯಿತು, ಹೊಟ್ಟೆ ಒಂಚೂರು ಮೆತ್ತಗಾಯಿತು. ನಾನು ಮೋಸ ಹೋಗಿದ್ದು ಇದಕ್ಕೇ. ಕಕ್ಕ ಬಂತಲ್ಲ, ಇನ್ನೇನು ಅಂದುಕೊಂಡೆ. ಕರುಳಿನ ದಾರಿ ಪೂರ್ತಿ ಮುಚ್ಚಿಲ್ಲದಿದ್ದರೆ ಸ್ವಲ್ಪ ಸ್ವಲ್ಪ ಬರುತ್ತಲೇ ಇರುತ್ತೆ ಅನ್ನೋದು ಆಗ ನನಗೆ ಗೊತ್ತಿರಲಿಲ್ಲ. ಅದೇ ರಾತ್ರಿ ಅವಳು ನನ್ನ ಭುಜದ ಮೇಲೆ ವಾಂತಿ ಮಾಡಿದಳು. ಟವೆಲ್ ಮೇಲೆ ಕಲೆ ಪಾಲಕ್ ಸೊಪ್ಪು ಬೇಯಿಸಿದ ನೀರಿನ ಹಾಗಿತ್ತು. ನಾನದನ್ನು ನೋಡಿದೆ. ಎನ್‌ಐಸಿಯುನಲ್ಲಿ ಅದೇ ಹಸಿರನ್ನು ನೋಡಿದ್ದವಳು ನಾನು! ಆದರೂ ಗ್ರೈಪ್ ವಾಟರಿನದೇ ಬಣ್ಣ ಇರಬೇಕು ಅಂದುಕೊಂಡು ಟವೆಲ್ ತೊಳೆದು ಹಾಕಿದೆ. ಆ ಬಾಟಲಿ ಇಲ್ಲದಿದ್ದರೆ ಹಾಗೆ ಅಂದುಕೊಳ್ಳೋಕೆ ನನಗೊಂದು ನೆಪವೇ ಇರುತ್ತಿರಲಿಲ್ಲ. ಅದಕ್ಕೇ ಹೇಳ್ತಿದ್ದೀನಿ, ಯಾವ ಕಂಪನಿಯದು ಅನ್ನೋದಲ್ಲ ಪ್ರಶ್ನೆ.

ಐದನೇ ದಿನ ಬೆಂಗಳೂರಿಗೆ ಓಡಿದೆವು. ವಾಂತಿ ಯಾವ ಬಣ್ಣ ಅಂತ ಡಾಕ್ಟರ್ ಕೇಳಿದಾಗ "ಹಳದಿ ಇರಬೇಕು" ಅಂದುಬಿಟ್ಟೆ. ಆಮೇಲೆ ಕಾರಿಡಾರಿನಲ್ಲಿ ಕೂತು ಫೈಲ್ ತೆರೆದೆ. ಡಿಸ್ಚಾರ್ಜ್ ಕಾರ್ಡಿನ ಕೊನೇ ಪುಟದಲ್ಲಿ ಪೆನ್ನಿನಲ್ಲಿ ಬರೆದಿದ್ದರು: ಹೊಟ್ಟೆ ಉಬ್ಬರ, ಹಸಿರು ವಾಂತಿ, ಕೂಡಲೇ ಬನ್ನಿ. ಮೂರು ವಾರ ಆ ಫೈಲ್ ಬೀರುವಿನಲ್ಲೇ ಇತ್ತು.

ಕರುಳು ಎದ್ದು ಕಾಣಲಿ ಅಂತ ಒಳಗೆ ಒಂದು ದ್ರವ ಹಾಯಿಸಿ ಎಕ್ಸ್‌ರೇ ತೆಗೆದರು. ದೊಡ್ಡ ಕರುಳು ಒಂದು ಕಡೆ ದಾರದಷ್ಟು ಸಣ್ಣಗಾಗಿತ್ತು. ಸ್ಟ್ರಿಕ್ಚರ್ ಅಂತಾರೆ. ಸುಟ್ಟ ಗಾಯ ಮಾಯುವಾಗ ಚರ್ಮ ಹೇಗೆ ಎಳೆದುಕೊಳ್ಳುತ್ತೋ, ಕರುಳಿನ ಗಾಯ ಮಾಯುವಾಗಲೂ ಹಾಗೇ ಆ ಜಾಗ ಬಿಗಿಯುತ್ತೆ. ಎನ್‌ಇಸಿ ಆದ ಮಕ್ಕಳಲ್ಲಿ ಇದು ಅಪರೂಪವೇನಲ್ಲ, ಆಪರೇಷನ್ ಇಲ್ಲದೆ ವಾಸಿಯಾದವರಲ್ಲೂ ಬರುತ್ತೆ. ಸಾಮಾನ್ಯವಾಗಿ ಕೆಲವು ವಾರ, ಕೆಲವು ತಿಂಗಳ ನಂತರ, ಎಲ್ಲ ಮುಗಿಯಿತು ಅಂತ ನಾವು ನೆಮ್ಮದಿಯಾಗಿದ್ದಾಗ. ಬೇಗ ಬಂದಿದ್ದರೆ ಬಿಗಿದ ತುಂಡು ತೆಗೆದು ಒಂದೇ ಸಲಕ್ಕೆ ಜೋಡಿಸಬಹುದಿತ್ತೇನೋ ಅಂದರು ಸರ್ಜನ್. ಐದು ದಿನದಲ್ಲಿ ಮೇಲಿನ ಕರುಳು ತುಂಬಾ ಊದಿತ್ತು. ಹೊಟ್ಟೆಯ ಮೇಲೆ ಕರುಳಿನ ಬಾಯಿ ತೆರೆದು ಚೀಲ ಹಾಕಿದರು. ಎರಡು ತಿಂಗಳು ದಿನಕ್ಕೆ ಹತ್ತು ಸಲ ಅದನ್ನು ಒರೆಸಿ, ಸುತ್ತಲಿನ ಹಸಿ ಚರ್ಮಕ್ಕೆ ಮುಲಾಮು ಹಚ್ಚಿದೆ. ಆಮೇಲೆ ಎರಡನೇ ಆಪರೇಷನ್. ಆ ಎರಡು ತಿಂಗಳು ನನ್ನ ಮಗಳು ಪಟ್ಟ ನೋವಿಗೆ ಆ ಐದು ದಿನವೇ ಕಾರಣ ಅಂತ ನಾನು ಇವತ್ತಿಗೂ ನಂಬಿದ್ದೇನೆ.

ಹಾಲಿನ ಪುಡಿ ಬದಲಾಯಿಸಲಾ ಅಂತಲೂ ಕೇಳಿದ್ದೀರಿ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ ತಾಯಿ ಹಾಲು ಎನ್‌ಇಸಿಯನ್ನು ಕಡಿಮೆ ಮಾಡುತ್ತೆ, ನಿಜ. 1990ರಲ್ಲಿ ಬ್ರಿಟನ್ನಿನ ಲೂಕಾಸ್ ಮತ್ತು ಕೋಲ್ ಪ್ರಕಟಿಸಿದ ಅಧ್ಯಯನದಲ್ಲಿ, ಬರೀ ಪುಡಿ ಹಾಲು ಕುಡಿದ ಮಕ್ಕಳಲ್ಲಿ ಇದು, ಬರೀ ತಾಯಿ ಹಾಲು ಕುಡಿದವರಿಗಿಂತ 6ರಿಂದ 10 ಪಟ್ಟು ಜಾಸ್ತಿ ಇತ್ತು. ಆದರೆ ನನ್ನ ಮಗಳು ಕುಡಿದಿದ್ದು ನನ್ನ ಹಾಲು ಮಾತ್ರ, ಅವಳಿಗೂ ಬಂತು. ಬಲಿಯದ ಕರುಳು ಅದು. ನಿಮ್ಮ ಹಾಲು ಸಾಲಲಿಲ್ಲ ಅಂತ ಸುಮ್ನೆ ಕೊರಗಬೇಡಿ. ಬಿಗಿದ ಜಾಗ ಇದ್ದರೆ ಯಾವ ಹಾಲು ಕೊಟ್ಟರೂ ಅಲ್ಲೇ ನಿಲ್ಲುತ್ತೆ.

ಬರೀ ಗ್ಯಾಸ್ ಇದ್ದರೂ ಇರಬಹುದು. ಆದರೆ ಈ ಮಗುವಿನ ವಿಷಯದಲ್ಲಿ ಅದನ್ನು ಹೇಳಬೇಕಾದವರು ಕೈಯಿಟ್ಟು ನೋಡಿದ ಡಾಕ್ಟರು, ನಾನೂ ಅಲ್ಲ, ನಿಮ್ಮ ಮನೆಯ ಹಿರಿಯರೂ ಅಲ್ಲ. ಮಕ್ಕಳ ಸರ್ಜನ್ ಇರುವ ಆಸ್ಪತ್ರೆಗೇ ಹೋಗಿ. ಹೋದ ತಕ್ಷಣ "ಇವನಿಗೆ ಎನ್‌ಇಸಿ ಆಗಿತ್ತು" ಅನ್ನೋದನ್ನೇ ಮೊದಲು ಹೇಳಿ.

ವಾಂತಿ ಆಗಿದೆಯಾ, ಯಾವ ಬಣ್ಣ ಅಂತ ನೀವು ಬರೆದೇ ಇಲ್ಲ. ಹಸಿರಿದ್ದರೆ, ಕಕ್ಕದಲ್ಲಿ ರಕ್ತ ಕಂಡರೆ, ಮಗು ಮಂಕಾಗಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಈಗಲೇ ಹೊರಡಿ. ಹಾಲು ಕೊಡಬೇಕಾ ನಿಲ್ಲಿಸಬೇಕಾ ಅಂತ ದಾರಿಯಲ್ಲೇ ಎನ್‌ಐಸಿಯುಗೆ ಫೋನ್ ಮಾಡಿ ಕೇಳಿ. ಇದ್ಯಾವುದೂ ಇಲ್ಲದಿದ್ದರೂ ಇವತ್ತೇ ತೋರಿಸಿ. ಫೈಲ್ ತಗೊಳ್ಳಿ. ವಾಂತಿಯಾದ ಬಟ್ಟೆ ಇದ್ದರೆ ತೊಳೆಯಬೇಡಿ, ಹಾಗೇ ಒಂದು ಕವರಿಗೆ ಹಾಕಿಕೊಂಡು ಹೋಗಿ.