ಜೋನಿ ಬೆಲ್ಲದ ಬಾಟಲಿ ಮತ್ತು ಕಾಣದ ವಿಳಾಸ

ಶಿರಸಿಯ ಓದುಗರೊಬ್ಬರ ಪತ್ರ: “ಕುಮಟಾ ಹತ್ತಿರ ಹೆದ್ದಾರಿ ಬದಿಯ ಅಂಗಡಿಯಲ್ಲಿ ‘ಶುದ್ಧ ಜೋನಿ ಬೆಲ್ಲ’ (ದ್ರವ ಬೆಲ್ಲ) ಕೊಂಡೆ. ಸ್ವಲ್ಪ ದಿನಕ್ಕೇ ತಳದಲ್ಲಿ ಸಕ್ಕರೆ ಹರಳು. ಮಾಡಿದವರ ವಿಳಾಸವೂ ಬಾಟಲಿ ಮೇಲಿಲ್ಲ. ಇದು ಕಲಬೆರಕೆ ಅಲ್ವಾ? ಸರ್ಕಾರ ಏನು ಮಾಡುತ್ತಿದೆ?”

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ಸರಿ. ಆದರೆ ಹರಳನ್ನು ಹಿಡಿದುಕೊಂಡು ಹೋದರೆ ಕೇಸು ನಿಲ್ಲುವುದಿಲ್ಲ. ಆಲೆಮನೆಯಿಂದ ನೇರ ತಂದ ಜೋನಿಯೂ ಡಬ್ಬಿಯ ತಳದಲ್ಲಿ ಹರಳುಗಟ್ಟುತ್ತದೆ. ಸಕ್ಕರೆ ಬೆರೆಸಿದ್ದಾರೆಂದು ತೋರಿಸುವುದು ಲ್ಯಾಬಿಗೂ ಸುಲಭವಲ್ಲ. ಎರಡೂ ಕಬ್ಬಿನದ್ದೇ, ಎರಡರಲ್ಲೂ ಇರುವುದು ಸುಕ್ರೋಸ್ ಎಂಬ ಸಕ್ಕರೆಯೇ.

ವಿಳಾಸದ ವಿಷಯ ಹಾಗಲ್ಲ. ಪ್ಯಾಕ್ ಮಾಡಿ ಮಾರುವ ತಿನಿಸಿನ ಮೇಲೆ ತಯಾರಕರ ಹೆಸರು, ವಿಳಾಸ, ಬ್ಯಾಚ್, ತಾರೀಖು, ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರಲೇಬೇಕು. ಇಲ್ಲದಿದ್ದರೆ 2006ರ ಆಹಾರ ಸುರಕ್ಷತಾ ಕಾಯ್ದೆಯ 52ನೇ ಕಲಂ ಪ್ರಕಾರ 3 ಲಕ್ಷ ರೂಪಾಯಿವರೆಗೆ ದಂಡ. ಲೇಬಲ್ ತಪ್ಪನ್ನು ಆಹಾರ ಸುರಕ್ಷತಾ ಅಧಿಕಾರಿ ಅಂಗಡಿಯಲ್ಲಿ ನಿಂತೇ ಕಾಣಬಹುದು. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಯ ಕೃತಕ ಬಣ್ಣಕ್ಕೆ ರಾಜ್ಯ ಸರ್ಕಾರ ನಿಷೇಧ ಹಾಕಿದಾಗ ಊರೆಲ್ಲ ಅದೇ ಮಾತು. ಶೆಲ್ಫಿನ ಮೇಲೆ ಅನಾಥವಾಗಿ ಕೂತ ಬಾಟಲಿಗಳ ಸುದ್ದಿ ಯಾರೂ ಎತ್ತಲಿಲ್ಲ. ನನಗೆ ಬೇಸರ ಇರುವುದು ಅಲ್ಲೇ.

ಇನ್ನು ನಿಮ್ಮ ಬಾಟಲಿ. ಮುಚ್ಚಳ ತೆಗೆದ ಮೇಲೆ ಅದು ಸಾಕ್ಷಿಗೆ ಬಾರದು. ಅಧಿಕಾರಿಯೇ ಅಂಗಡಿಗೆ ಹೋಗಿ ಮಾದರಿ ತೆಗೆದು, ನಾಲ್ಕು ಪಾಲು ಮಾಡಿ ಸೀಲ್ ಹಾಕಬೇಕು. ಒಂದು ಪಾಲು ಲ್ಯಾಬಿನ ಆಹಾರ ವಿಶ್ಲೇಷಕರಿಗೆ ಹೋಗುತ್ತದೆ. 14 ದಿನದೊಳಗೆ ಅವರ ವರದಿ ಬರಬೇಕು. ಅದನ್ನು ಒಪ್ಪದಿದ್ದರೆ ಅಂಗಡಿಯವರು ಮೇಲ್ಮನವಿ ಹಾಕಬಹುದು. ದಂಡದ ಪ್ರಕರಣ ಕಡೆಗೆ ಕಾರವಾರದಲ್ಲಿ ಅಪರ ಜಿಲ್ಲಾಧಿಕಾರಿಗಳ ಮುಂದೆ ಬರುತ್ತದೆ. ತಡ ಆಗುವುದು ಸುಮ್ನೆ ಅಲ್ಲ.

ಅದೇ ಕಾಯ್ದೆಯ 40ನೇ ಕಲಂ ಪ್ರಕಾರ ಗ್ರಾಹಕರೂ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. ತಪ್ಪು ಸಾಬೀತಾದರೆ ಶುಲ್ಕ ವಾಪಸ್. ಆದರೆ “ಪರೀಕ್ಷೆಗೆ ಕೊಡಲು ಕೊಳ್ಳುತ್ತಿದ್ದೇನೆ” ಎಂದು ಕೊಳ್ಳುವಾಗಲೇ ಅಂಗಡಿಯವರಿಗೆ ಹೇಳಬೇಕು. ಅಂಗಡಿಯವರು ಭಾವನ ಕಡೆಯ ನೆಂಟರೇ ಆಗಿರುವ ನಮ್ಮೂರುಗಳಲ್ಲಿ ಇದನ್ನು ಹೇಳುವವರು ಯಾರು!

ಹಾಗಾಗಿ ನೀವು ಲೇಬಲ್ ದೂರನ್ನೇ ಮುಂದಿಡಿ. ಬಾಟಲಿಯ ನಾಲ್ಕೂ ಕಡೆಯ ಫೋಟೊ, ಬಿಲ್ಲು, ಅಂಗಡಿ ಇರುವ ಜಾಗ, ಇಷ್ಟು ಸಾಕು. ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪ್‌ನಲ್ಲಿ ದೂರು ಕೊಡಬಹುದು. ಬಿಲ್ಲು ಕೊಟ್ಟಿಲ್ಲ ಅಂತಾದರೆ ದೂರಿನಲ್ಲಿ ಅದನ್ನೂ ಬರೆಯಿರಿ.