ಬಿಟಿ ಹತ್ತಿಯ ಪರಾಗ ಜೇನಿಗೆ ವಿಷವೇ?

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆ. ಮೂರು ಎಕರೆ ಬಿಟಿ ಹತ್ತಿ ಇದೆ. ಬದುವಿನಲ್ಲಿ ಆರು ತುಡುವೆ ಜೇನಿನ ಪೆಟ್ಟಿಗೆ ಇಟ್ಟಿದ್ದೇನೆ. ಹತ್ತಿ ಹೂ ಬಿಟ್ಟ ಮೇಲೆ ಎರಡು ಪೆಟ್ಟಿಗೆ ಮುಂದೆ ಜೇನು ಸತ್ತು ಬೀಳುತ್ತಿವೆ. ಬಿಟಿ ಹತ್ತಿಯ ಪರಾಗದಲ್ಲೇ ವಿಷ ಇದೆ ಅಂತ ಊರಲ್ಲಿ ಹೇಳುತ್ತಾರೆ. ಅಮೆರಿಕದಲ್ಲಿ ಚಿಟ್ಟೆಗಳು ಇದರಿಂದಲೇ ಸತ್ತವಂತೆ. ನಿಜವೇ?

ಉತ್ತರ: ಸತ್ತ ಜೇನನ್ನು ಕಂಡಾಗ ಆಗುವ ಸಂಕಟ ನನಗೆ ಗೊತ್ತು. ಮೊದಲು ಒಂದು ಕೆಲಸ ಮಾಡಿ. ಸತ್ತ ಹತ್ತಿಪ್ಪತ್ತು ಹುಳುಗಳನ್ನು ಬಿಳಿ ಹಾಳೆ ಮೇಲೆ ಹರವಿ, ಬಾಯಿಯ ಹತ್ತಿರ ನೋಡಿ. ನಾಲಿಗೆ ಉದ್ದಕ್ಕೆ ಹೊರಗೆ ಚಾಚಿಕೊಂಡಿದೆಯಾ? ಸಾಯುವ ಮೊದಲು ನೆಲದ ಮೇಲೆ ನಡುಗುತ್ತಾ ಗಿರಗಿರ ತಿರುಗುತ್ತಿದ್ದವಾ? ಹೌದು ಅಂದರೆ ಅದು ಬಹುಮಟ್ಟಿಗೆ ಕೀಟನಾಶಕದ ಏಟು. ನಿಮ್ಮ ಹೊಲದ್ದೇ ಆಗಬೇಕಿಲ್ಲ. ತುಡುವೆ ಒಂದು ಕಿಲೋಮೀಟರ್ ದೂರದ ಹೊಲಕ್ಕೂ ಹೋಗಿ ಬರುತ್ತದೆ.

ಇನ್ನು ಪರಾಗದ ಮಾತು. ಬಿಟಿ ಹತ್ತಿಯೊಳಗೆ ಇರುವುದು ಬ್ಯಾಸಿಲಸ್ ಥುರಿಂಜಿಯೆನ್ಸಿಸ್ (ಚಿಕ್ಕದಾಗಿ ಬಿಟಿ) ಎಂಬ ಮಣ್ಣಿನ ಬ್ಯಾಕ್ಟೀರಿಯಾದಿಂದ ತಂದ ಜೀನ್. ಅದು ಕ್ರೈ ಅನ್ನೋ ಪ್ರೋಟೀನ್ ತಯಾರಿಸುತ್ತದೆ. 2002ರಲ್ಲಿ ನಮ್ಮ ದೇಶಕ್ಕೆ ಬಂದ ಮೊದಲ ಬಿಟಿ ಹತ್ತಿಯಲ್ಲಿ ಇಂಥ ಒಂದು ಪ್ರೋಟೀನ್ ಇತ್ತು, 2006ರಿಂದ ಎರಡು ಇರುವ ತಳಿ ಬಂತು. ಕಾಯಿಕೊರಕದ ಮರಿ ಇದನ್ನು ತಿಂದರೆ ಅದರ ಕರುಳಿನ ಕ್ಷಾರದಲ್ಲಿ ಪ್ರೋಟೀನ್ ಚುರುಕಾಗುತ್ತದೆ. ಕರುಳಿನ ಗೋಡೆಯಲ್ಲಿರುವ ಗುರುತಿನ ಜಾಗಕ್ಕೆ ಹೋಗಿ ಅಂಟುತ್ತದೆ, ತೂತು ಕೊರೆಯುತ್ತದೆ. ಬೀಗಕ್ಕೆ ತಕ್ಕ ಕೀಲಿಯ ಹಾಗೆ. ಜೇನಿನ ಕರುಳಿನಲ್ಲಿ ಆ ಬೀಗವೇ ಇಲ್ಲ. ಮಕರಂದದಲ್ಲಿ ಈ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ. ಪರಾಗದಲ್ಲಿ ಇದ್ದರೂ ಎಲೆಯಲ್ಲಿ ಇರುವುದಕ್ಕಿಂತ ಬಹಳ ಕಡಿಮೆ.

ಇದು ಬರೀ ಲೆಕ್ಕಾಚಾರವಲ್ಲ, ತಿನ್ನಿಸಿಯೇ ನೋಡಿದ್ದಾರೆ. ಜೇನುಹುಳು ಮತ್ತು ಅದರ ಮರಿಗಳಿಗೆ ಕ್ರೈ ಪ್ರೋಟೀನ್ ಕೊಟ್ಟ 25 ಪ್ರಯೋಗಗಳನ್ನು 2008ರಲ್ಲಿ ಒಟ್ಟು ಸೇರಿಸಿ ಪರಿಶೀಲಿಸಿದರು. ಸಾವು ಜಾಸ್ತಿ ಆಗಿದ್ದು ಕಾಣಲಿಲ್ಲ.

ನೀವು ಕೇಳಿದ ಚಿಟ್ಟೆ ಕಥೆ ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಮ್ಮ ಊರಿಗೆ ಬಂದಿದೆ. ಅಮೆರಿಕದ ಮೊನಾರ್ಕ್ ಚಿಟ್ಟೆಯ ಮರಿಗಳು ಹಾಲುಕಳೆ ಗಿಡದ ಎಲೆ ಬಿಟ್ಟು ಬೇರೇನೂ ತಿನ್ನುವುದಿಲ್ಲ. ನಮ್ಮ ಎಕ್ಕದ ಬಳಗದ್ದೇ ಆ ಗಿಡ. ಮೆಕ್ಕೆಜೋಳದ ಹೊಲಗಳ ಪಕ್ಕ ಬೆಳೆಯುತ್ತದೆ. 1999ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ಬಿಟಿ ಮೆಕ್ಕೆಜೋಳದ ಪರಾಗವನ್ನು ಆ ಎಲೆಗೆ ಉದುರಿಸಿ ಮರಿಗಳಿಗೆ ಕೊಟ್ಟರು. ನಾಲ್ಕು ದಿನದಲ್ಲಿ ಶೇ 44ರಷ್ಟು ಸತ್ತವು. ಜಗತ್ತೆಲ್ಲಾ ಗದ್ದಲವಾಯಿತು. ಆಗಬೇಕಾದದ್ದೇ. ಆ ಎಚ್ಚರಿಕೆ ಬರದಿದ್ದರೆ ಮುಂದಿನ ಅಧ್ಯಯನ ನಡೆಯುತ್ತಲೇ ಇರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಆಮೇಲೆ ಹಲವು ತಂಡಗಳು ನಿಜವಾದ ಹೊಲಕ್ಕೆ ಇಳಿದವು. ಎಲೆಯ ಮೇಲೆ ಎಷ್ಟು ಪರಾಗ ಬೀಳುತ್ತದೆ ಅಂತ ಎಣಿಸಿದವು. 2001ರಲ್ಲಿ ಫಲಿತಾಂಶ ಬಂತು. ಹೆಚ್ಚು ಬಿತ್ತನೆಯಲ್ಲಿದ್ದ ತಳಿಗಳ ಪರಾಗ ಹೊಲದಲ್ಲಿ ಬೀಳುವ ಪ್ರಮಾಣದಲ್ಲಿ ಮರಿಗಳಿಗೆ ಅಂಥ ಅಪಾಯ ಮಾಡುತ್ತಿರಲಿಲ್ಲ. 176 ಎಂಬ ಸಂಖ್ಯೆಯ ಒಂದು ತಳಿಯ ಪರಾಗದಲ್ಲಿ ಮಾತ್ರ ವಿಷ ಬಹಳ ಜಾಸ್ತಿ ಇತ್ತು. ಅದು ಮಾರುಕಟ್ಟೆಯಿಂದ ಹೊರಗೆ ಹೋಯಿತು. ಅಂದರೆ ಎಲ್ಲ ಬಿಟಿ ತಳಿಯೂ ಒಂದೇ ಅಲ್ಲ. ಒಂದೊಂದನ್ನೂ ಬೇರೆಬೇರೆಯಾಗಿ ಪರೀಕ್ಷೆ ಮಾಡಲೇಬೇಕು. ಇದರಲ್ಲಿ ರಾಜಿ ಮಾಡಿಕೊಳ್ಳುವ ಹಾಗಿಲ್ಲ.

ಮೊನಾರ್ಕ್‌ಗೆ ದೊಡ್ಡ ಪೆಟ್ಟು ಬಿದ್ದದ್ದು ಇನ್ನೊಂದು ಕಡೆಯಿಂದ. ಕಳೆನಾಶಕ ತಡೆದುಕೊಳ್ಳುವ ಕುಲಾಂತರಿ ಮೆಕ್ಕೆಜೋಳ, ಸೋಯಾ ಬಂದವು. ಹೊಲಕ್ಕೆಲ್ಲಾ ಕಳೆನಾಶಕ ಹೊಡೆದರು. ಹಾಲುಕಳೆಯೇ ಇಲ್ಲವಾಯಿತು. ಮರಿಗೆ ತಿನ್ನಲು ಎಲೆ ಬೇಕಲ್ವಾ? ಎಲ್ಲರೂ ಪರಾಗದ ಕಡೆ ನೋಡುತ್ತಿದ್ದಾಗ ಊಟದ ತಟ್ಟೆಯೇ ಖಾಲಿಯಾಗಿತ್ತು.

ನಿಮ್ಮ ಹೊಲದಲ್ಲೂ ಅದೇ ತಪ್ಪು ಆಗದಿರಲಿ. ಹತ್ತಿಯ ಬಿಟಿ ಪ್ರೋಟೀನ್ ಕಾಯಿಕೊರಕದಂಥ ಪತಂಗ, ಚಿಟ್ಟೆಗಳ ಮರಿಗೆ ಮಾತ್ರ. ಜಿಗಿಹುಳು, ಥ್ರಿಪ್ಸ್, ಹೇನು, ಬಿಳಿನೊಣಕ್ಕೆ ಅದು ತಾಗುವುದೇ ಇಲ್ಲ. ಗುಲಾಬಿ ಕಾಯಿಕೊರಕವಂತೂ ಈಗ ಎರಡು ಪ್ರೋಟೀನನ್ನೂ ತಡೆದುಕೊಳ್ಳುತ್ತಿದೆ. ಹಾಗಾಗಿ ಶುರುವಿನ ವರ್ಷಗಳಲ್ಲಿ ಇಳಿದಿದ್ದ ಔಷಧಿ ಖರ್ಚು ಮತ್ತೆ ಏರಿದೆ. ಪೇಟೆಯಲ್ಲಿ ಸಿಗುವ ಬಿಟಿ ಬೀಜಕ್ಕೆ ಸಾಮಾನ್ಯವಾಗಿ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕದ ಲೇಪನವೂ ಇರುತ್ತದೆ. ಹೂ ಬಿಡುವ ಹೊತ್ತಿಗೆ ಅದರ ಬಲ ಕುಗ್ಗಿರುತ್ತದೆ. ಆದರೆ ಅದೇ ಔಷಧಿಯನ್ನು, ಇಲ್ಲವೇ ಅದರ ತಮ್ಮನಂಥ ಥಯಾಮೆಥಾಕ್ಸಾಮ್ ಅನ್ನು, ಹೂವಿನ ಕಾಲದಲ್ಲಿ ಸಿಂಪಡಿಸಿದರೆ ಜೇನಿಗೆ ಸಾವು ಖಂಡಿತ. ಯುರೋಪಿನ ಒಕ್ಕೂಟ 2018ರಲ್ಲಿ ಇವೆರಡರ ಬಳಕೆಯನ್ನು ಬಯಲಿನ ಬೆಳೆಗಳಲ್ಲಿ ನಿಷೇಧಿಸಿದ್ದು ಜೇನಿಗೋಸ್ಕರವೇ.

ಹತ್ತಿ ಹೂ ಬೆಳಿಗ್ಗೆ ಅರಳುತ್ತದೆ, ಸಂಜೆಗೆ ಮುದುಡುತ್ತದೆ. ಸಿಂಪಡಣೆ ಬೇಕೇ ಬೇಕು ಅಂದರೆ ಸಂಜೆ ಮಾಡಿ. ಹಿಂದಿನ ದಿನವೇ ಪಕ್ಕದ ಹೊಲದವರನ್ನು ಕೇಳಿ ತಿಳಿದುಕೊಳ್ಳಿ. ಆಗುವುದಾದರೆ ಪೆಟ್ಟಿಗೆಗಳನ್ನು ರಾತ್ರಿ ಹೊತ್ತು ದೂರ ಸಾಗಿಸಿ. ನೋಡದೆ ಸುಮ್ನೆ ವಾರಕ್ಕೊಮ್ಮೆ ಔಷಧಿ ಹೊಡೆಯಬೇಡಿ. ಗುಲಗಂಜಿ ಹುಳು, ಜೇಡ, ಕ್ರೈಸೋಪರ್ಲಾ ಎಂಬ ಹಸಿರು ಕೀಟದ ಮರಿ ಇದ್ದರೆ ಹೇನು ಕೊಲ್ಲುವ ಅರ್ಧ ಕೆಲಸ ಅವೇ ಮುಗಿಸುತ್ತವೆ.

ಇನ್ನೊಂದನ್ನೂ ಪರೀಕ್ಷಿಸಿ. ಒಂದು ಎರಿ ಎತ್ತಿ ನೋಡಿ. ಮರಿಗಳು ಕೋಶದೊಳಗೆ ನೀರು ತುಂಬಿದ ಚೀಲದ ಹಾಗೆ ಸತ್ತಿವೆಯಾ? ಹಾಗಿದ್ದರೆ ಅದು ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ. 1990ರ ದಶಕದ ಶುರುವಿನಲ್ಲಿ ಕರ್ನಾಟಕದ ತುಡುವೆ ಕುಟುಂಬಗಳನ್ನು ಇದು ಸಾಲುಸಾಲಾಗಿ ಬರಿದು ಮಾಡಿತು. ಆಗ ಬಿಟಿ ಹತ್ತಿ ನಮ್ಮ ನೆಲಕ್ಕೆ ಬಂದೇ ಇರಲಿಲ್ಲ.

ಪ್ರಶ್ನೆ: ಚಾಮರಾಜನಗರ ಕಡೆಯವರು ನಾವು. ನಮ್ಮ ಹಿಪ್ಪುನೇರಳೆ ತೋಟದ ಪಕ್ಕದಲ್ಲೇ ಬಿಟಿ ಹತ್ತಿ ಹಾಕಿದ್ದಾರೆ. ರೇಷ್ಮೆ ಹುಳುವಿಗೆ ತೊಂದರೆ ಆಗುತ್ತದಾ?

ಉತ್ತರ: ನಿಮ್ಮ ಭಯಕ್ಕೆ ಕಾರಣ ಇದೆ. ರೇಷ್ಮೆ ಹುಳುವೂ ಕಾಯಿಕೊರಕದ ಹಾಗೆ ಪತಂಗದ ಮರಿಯೇ. ಬಿಟಿ ಜೀನ್ ಕೊಟ್ಟ ಬ್ಯಾಕ್ಟೀರಿಯಾ ಮೊದಲು ಪತ್ತೆಯಾದದ್ದೇ ಜಪಾನಿನಲ್ಲಿ, 1901ರಲ್ಲಿ, ಸತ್ತ ರೇಷ್ಮೆ ಹುಳುವಿನಲ್ಲಿ!

ಆದರೆ ಹತ್ತಿಯ ಪರಾಗ ಮೆಕ್ಕೆಜೋಳದ ಪರಾಗದ ಹಾಗೆ ಗಾಳಿಗೆ ಹಾರುವುದಿಲ್ಲ. ಅದು ದಪ್ಪ, ಅಂಟು, ಮೈಯೆಲ್ಲಾ ಮುಳ್ಳು. ಜೇನಿನಂಥ ಕೀಟಗಳು ಹೊತ್ತೊಯ್ದರೆ ಮಾತ್ರ ಸಾಗುತ್ತದೆ. ನಿಮ್ಮ ಸೊಪ್ಪಿನ ಮೇಲೆ ಬೀಳುವುದು ತೀರಾ ಕಡಿಮೆ.

ನೀವು ಹೆದರಬೇಕಾದದ್ದು ಎರಡಕ್ಕೆ. ಒಂದು, ಕೋಸು, ಟೊಮೆಟೊಗೆ ಹೊಡೆಯುವ, ಅದೇ ಬ್ಯಾಕ್ಟೀರಿಯಾದಿಂದ ಮಾಡಿದ ಬಿಟಿ ಪುಡಿ. ಅದು ಸಾವಯವ ಅಂತ ಹಿಪ್ಪುನೇರಳೆ ಹತ್ತಿರ ಬಳಸಲೇಬೇಡಿ. ಇನ್ನೊಂದು, ಹತ್ತಿಯ ಕಾಯಿಕೊರಕಕ್ಕೆ ಹೊಡೆಯುವ ಕ್ಲೋರಾಂಟ್ರಾನಿಲಿಪ್ರೋಲ್ ಎಂಬ ಕೀಟನಾಶಕ. ಗಾಳಿಗೆ ಅದರ ಹನಿ ಬಂದು ಸೊಪ್ಪಿಗೆ ತಾಗಿದರೂ ಹುಳುವಿಗೆ ಸಾವು. ಪಕ್ಕದವರು ಸಿಂಪಡಿಸಿದ್ದು ಗೊತ್ತಾದರೆ ಆ ಬದಿಯ ಸಾಲುಗಳನ್ನು ಕೊಯ್ಯಬೇಡಿ. ಅನುಮಾನ ಇದ್ದರೆ ಸ್ವಲ್ಪ ಸೊಪ್ಪನ್ನು ಹತ್ತು ಹುಳುವಿಗೆ ಬೇರೆ ತಟ್ಟೆಯಲ್ಲಿ ಹಾಕಿ, ಒಂದು ದಿನ ಕಾದು ನೋಡಿ. ಅವು ಚೆನ್ನಾಗಿ ಮೇಯುತ್ತಿದ್ದರೆ ಉಳಿದವಕ್ಕೂ ಕೊಡಿ.