ಉಪವಾಸ ನಿಲ್ಲಿಸಿ, ಮೊದಲು ನಿದ್ದೆ ಮಾಡಿ

(ಆಪ್ತಸಲಹೆಗೆ ನನ್ನ ಬಳಿ ಬಂದವರೊಬ್ಬರ ಕಥೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಕೊಡಗಿನ ಸಿದ್ದಾಪುರದ ಕಡೆಯ ಸಭಾಪಾಲಕರು (ಚರ್ಚಿನ ಪಾಸ್ಟರ್), ನಲವತ್ತು ದಾಟಿದವರು. ಭಾನುವಾರ ಕನ್ನಡ ಆರಾಧನೆ, ಅದು ಮುಗಿದರೆ ತಮಿಳಿನದು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕೂಲಿಯವರು ತೋಟದಿಂದ ಬಂದು ಅಡುಗೆ ಮುಗಿಸುವಷ್ಟರಲ್ಲಿ ಕತ್ತಲು. ಹಾಗಾಗಿ ಲೈನ್ ಮನೆಗಳ (ಕೂಲಿಯವರ ಸಾಲುಮನೆಗಳ) ಪ್ರಾರ್ಥನಾ ಕೂಟ ರಾತ್ರಿಯೇ. ಆನೆ ಓಡಾಡುವ ದಾರಿಯಲ್ಲಿ ಬೈಕಿನಲ್ಲಿ ಮನೆ ಸೇರಿದರೂ ಫೋನ್ ಸುಮ್ಮನಿರುವುದಿಲ್ಲ. ರೋಗಿಯನ್ನು ಮೈಸೂರಿಗೆ ಸಾಗಿಸಬೇಕಾದರೆ ಜೊತೆಗೆ ಹೋಗುವವರೂ ಇವರೇ.

ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಸಾವಿನ ಮನೆಯಲ್ಲಿ ಪ್ರಾರ್ಥಿಸುವಾಗ ದುಃಖವೇ ಬರುವುದಿಲ್ಲ, ಸಿಟ್ಟು ಬರುತ್ತದೆ ಎಂದರು. ಇದು ವಿಶ್ವಾಸದ ಕೊರತೆಯೆಂದು ತಾವೇ ತೀರ್ಮಾನಿಸಿ ಉಪವಾಸ ಹೆಚ್ಚಿಸಿದ್ದರು.

ಬಳಲಿಕೆ, ಕೆಲಸದ ಮೇಲೆ ಕಹಿ, ಮಾಡಿದ್ದೊಂದೂ ಫಲಿಸುತ್ತಿಲ್ಲವೆಂಬ ಅನಿಸಿಕೆ: ಇವು ಬರ್ನ್‌ಔಟ್‌ನ ಲಕ್ಷಣಗಳು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆ ಎನ್ನುವುದಿಲ್ಲ, ಕೆಲಸದ ಒತ್ತಡದಿಂದ ಬರುವ ಸ್ಥಿತಿ ಎನ್ನುತ್ತದೆ. ಆದರೆ ಖಿನ್ನತೆಯೂ ಇದೇ ವೇಷದಲ್ಲಿ ಬರಬಹುದು. ಸಾಯಬೇಕು ಅನಿಸಿದೆಯೇ ಎಂದು ನೇರವಾಗಿ ಕೇಳಿದೆ. ಮಾತಿಲ್ಲ. ನನ್ನ ಪ್ರಾಣ ತೆಗೆದುಕೋ ಎಂದು ಬೈಬಲಿನ ಪ್ರವಾದಿ ಎಲೀಯನೂ ದೇವರನ್ನು ಬೇಡಿದ್ದನಲ್ಲ ಎಂದೆ. ಆಮೇಲೆ ಬಾಯಿಬಿಟ್ಟರು: “ಅಷ್ಟಿಲ್ಲ. ಬೆಳಗಾಗದಿದ್ದರೆ ಒಳ್ಳೆಯದು ಅನಿಸುತ್ತೆ.”

ಇಷ್ಟು ಕೇಳಿದ ಮೇಲೆ ಬರೀ ಆಪ್ತಸಲಹೆ ಸಾಲದು. ಮನೋವೈದ್ಯರ ಬಳಿ ಕಳುಹಿಸಿದೆ, ಥೈರಾಯ್ಡ್, ಸಕ್ಕರೆ ಪರೀಕ್ಷೆಗೂ ಹೇಳಿದೆ. ರಾತ್ರಿ ತಡೆಯದಾದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಬರೆದುಕೊಟ್ಟೆ.

ಉಪವಾಸ ನಿಲ್ಲಿಸಲು ಹೇಳಿದಾಗ ಒಪ್ಪಲಿಲ್ಲ. ಬೈಬಲಿನಲ್ಲಿ ಎಲೀಯನ ಆ ಕಥೆಯಿರುವ 1 ಅರಸುಗಳು 19ನೇ ಅಧ್ಯಾಯ ತೆಗೆಸಿದೆ. ದೇವದೂತ ಎಲೀಯನಿಗೆ ಬುದ್ಧಿ ಹೇಳಲಿಲ್ಲ. ಎಬ್ಬಿಸಿ ಉಣ್ಣಿಸಿದ, ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ಉಣ್ಣಿಸಿದ.

ಭಾನುವಾರ ಅವರಿಗೆ ದುಡಿಮೆಯ ದಿನ, ಆದ್ದರಿಂದ ಸೋಮವಾರ ರಜೆ. ಆ ದಿನದ ಫೋನನ್ನು “ಹೆಂಡತಿ ನೋಡ್ಕೊಳ್ತಾಳೆ” ಎಂದರು. ಅದಕ್ಕೆ ನಾನು ಒಪ್ಪಲಿಲ್ಲ. ಒಬ್ಬರ ಹೊರೆ ಅದೇ ಮನೆಯ ಇನ್ನೊಬ್ಬರ ತಲೆಗೇರುತ್ತದೆ, ಅಷ್ಟೇ. ಸಭೆಯ ಹಿರಿಯರು ಸರದಿಯಲ್ಲಿ ಫೋನ್ ಹಿಡಿಯಬೇಕೆಂದಾಯಿತು. ಬೈಬಲಿನಲ್ಲಿ ಮಾವ ಇತ್ರೋ ಮೋಶೆಗೆ ಕೊಟ್ಟ ಸಲಹೆಯೂ ಕೆಲಸ ಹಂಚಿಕೊಳ್ಳುವುದೇ. ಲೈನ್ ಮನೆಗಳಲ್ಲಿ ಹಾಡು ಹೇಳಿಕೊಡುವ ಹೆಂಗಸರೇ ಕೂಟ ನಡೆಸಬಲ್ಲರು.

“ದೇವರ ಸೇವೆಗೆ ರಜೆ ಉಂಟಾ?” ಎಂದು ಒಬ್ಬರು ಕೇಳಿದರಂತೆ. ಕೇಳಿದವರಿಗೆ ತೋಟದಲ್ಲಿ ವಾರದ ರಜೆ ಉಂಟು.

ಕಾಫಿ ಗಿಡ ಹೂಬಿಡಿಸುವ ಹೂಮಳೆ ಬಿದ್ದ ಮೇಲೆ ಮತ್ತೆ ಬಂದರು. ಔಷಧಿ ಮುಂದುವರಿದಿದೆ, ನಿದ್ದೆ ಬರುತ್ತಿದೆ, ಬೆಳಗಾಗುವ ಭಯ ಕಡಿಮೆಯಾಗಿದೆ. ಒಂದು ಸೋಮವಾರ ಶವಸಂಸ್ಕಾರಕ್ಕೆ ಹೋಯಿತು. ಅಂಥ ವಾರ ಬೇರೊಂದು ದಿನ ತೆಗೆದುಕೊಳ್ಳಬೇಕೆಂದು ಸೇರಿಸಿದೆವು. ಒಬ್ಬ ಹಿರಿಯರು ಮಾತ್ರ ಸರದಿಯವರನ್ನು ಬಿಟ್ಟು ಈಗಲೂ ಇವರಿಗೇ ಫೋನ್ ಮಾಡುತ್ತಾರೆ. ಅವರಿಗೆ ಏನು ಹೇಳಬೇಕೆಂಬುದನ್ನು ಮುಂದಿನ ಭೇಟಿಗೆ ಇಟ್ಟುಕೊಂಡಿದ್ದೇವೆ.